ಆಣಿಯಂತೆ ಕಂಡದ್ದೆಲ್ಲ ಆಣಿಯಲ್ಲ: ಬೆವರಿನ ಗ್ರಂಥಿಗಳ ಗಂಟುಗಳು

ಬೆವರು ಎಂದೊಡನೆ ನಮ್ಮ ನೆನಪಿಗೆ ಬರುವುದು ಹೊಲದ ದುಡಿಮೆ, ಬೇಸಿಗೆಯ ಬಿಸಿಲು, ಜ್ವರ ಇಳಿಯುವ ಹೊತ್ತಿನ ಹಗುರ. ಆ ಬೆವರನ್ನು ಉತ್ಪಾದಿಸುವ ಗ್ರಂಥಿಗಳಿಗೂ ದೇಹದ ಇತರ ಅಂಗಗಳಂತೆಯೇ ರೋಗಗಳು ಬರುತ್ತವೆ, ಅವುಗಳಲ್ಲಿಯೂ ಗಂಟುಗಳು ಹುಟ್ಟುತ್ತವೆ, ಅಪರೂಪಕ್ಕೆ ಆ ಗಂಟು ಅರ್ಬುದವೂ ಆಗುತ್ತದೆ ಎಂಬ ಸಂಗತಿ ಮಾತ್ರ ಬಹುಜನರಿಗೆ ತಿಳಿಯದು. ಇಷ್ಟು ಅಪರೂಪದ ರೋಗದ ವಿಚಾರ ನಮಗೇಕೆ ಎಂದು ವಾಚಕರು ಕೇಳಬಹುದು. ರೋಗವೇನೋ ಅಪರೂಪವೇ. ಆದರೆ ಅದು ಧರಿಸಿ ಬರುವ ವೇಷಗಳಾದ ಕಾಲಿನ ಆಣಿ, ನರುಳ್ಳಿ, ಕುರು, ಗಜಕರ್ಣಗಳು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಇವೆ. ವೇಷದ ಒಳಗೆ ಇರುವವರು ಯಾರೆಂದು ಬರಿಗಣ್ಣಿನಿಂದ ನಿಶ್ಚಯಿಸುವುದು ನುರಿತ ವೈದ್ಯರಿಗೂ ಅನೇಕ ವೇಳೆ ಸಾಧ್ಯವಾಗದು. ಈ ಕಾರಣದಿಂದಲೇ ನಾವು ಈ ತಿಂಗಳು ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಮನುಷ್ಯನ ಚರ್ಮದಲ್ಲಿ ಬೆವರಿನ ಗ್ರಂಥಿಗಳಿವೆ ಎಂಬುದನ್ನು ೧೮೩೩ರಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಸೂಕ್ಷ್ಮದರ್ಶಕದ ಸಹಾಯದಿಂದ ತೋರಿಸಿಕೊಟ್ಟನು. ಇವು ಎರಡು ಬಗೆಯಾಗಿವೆ. ಎಕ್ರೈನ್ ಎಂಬ ಮೊದಲನೆಯ ಬಗೆಯವು ಸುಮಾರು ೨೦ ಲಕ್ಷದಿಂದ ೪೦ ಲಕ್ಷದಷ್ಟಿದ್ದು, ತುಟಿಯ ಕೆಂಪು ಭಾಗ, ಉಗುರಿನ ಅಡಿ ಮೊದಲಾದ ಕೆಲವೇ ಜಾಗಗಳನ್ನು ಬಿಟ್ಟರೆ ಮೈಯೆಲ್ಲ ಹರಡಿಕೊಂಡಿವೆ. ಅಂಗೈ ಮತ್ತು ಅಂಗಾಲುಗಳಲ್ಲಿ ಇವು ಎಲ್ಲಕ್ಕಿಂತ ದಟ್ಟವಾಗಿವೆ. ಎರಡನೆಯ ಬಗೆ ಅಪೋಕ್ರೈನ್. ಇವು ಕಂಕುಳು, ತೊಡೆಸಂದು, ಗುಹ್ಯಭಾಗ, ಮೊಲೆತೊಟ್ಟಿನ ಸುತ್ತಲ ವಲಯ ಇಂಥ ಕೆಲವು ಸ್ಥಳಗಳಲ್ಲಿ ಮಾತ್ರ ಇದ್ದು, ಪ್ರಾಯಕ್ಕೆ ಬಂದ ಮೇಲೆಯೇ ಕೆಲಸ ಆರಂಭಿಸುತ್ತವೆ. ಇವುಗಳ ದಾಯಾದಿಗಳೂ ಉಂಟು. ಕಣ್ಣಿನ ರೆಪ್ಪೆಯ ಅಂಚಿನಲ್ಲಿರುವ ಮೋಲ್ ಗ್ರಂಥಿಗಳು, ಕಿವಿಯಲ್ಲಿ ಗುಗ್ಗೆಯ ಉತ್ಪತ್ತಿಗೆ ಕಾರಣವಾದ ಗ್ರಂಥಿಗಳು, ಇಷ್ಟೇಕೆ, ತಾಯಿಯ ಹಾಲನ್ನು ಕೊಡುವ ಸ್ತನಗ್ರಂಥಿಯೂ ರಚನೆಯಿಂದ ಈ ಕುಟುಂಬಕ್ಕೇ ಸೇರಿದವು.

ಒಂದೊಂದು ಎಕ್ರೈನ್ ಗ್ರಂಥಿಯೂ ಚರ್ಮದ ಆಳದಲ್ಲಿ ದಾರದ ಉಂಡೆಯಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಅಲ್ಲಿಂದ ಒಂದು ಕೊಳವೆ ಮೇಲಕ್ಕೇರಿ, ಹೊರಪದರವನ್ನು ತಿರುಪಿನಂತೆ ತಿರುಗುತ್ತ ದಾಟಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರದಲ್ಲಿ ತೆರೆದುಕೊಳ್ಳುತ್ತದೆ. ಸುರುಳಿಯಿಂದ ಒಂದು ಬಗೆಯ ಗಂಟು, ಕೊಳವೆಯಿಂದ ಇನ್ನೊಂದು, ರಂಧ್ರದ ಬಳಿಯಿಂದ ಮತ್ತೊಂದು ಹೀಗೆ ಹಲವು ಬಗೆಗಳನ್ನು ರೋಗಶಾಸ್ತ್ರಜ್ಞರು ಗುರುತಿಸಿದ್ದಾರೆ. ಹೆಸರುಗಳೆಲ್ಲ ಗ್ರೀಕ್ ಮೂಲದವಾದ್ದರಿಂದ ನಾಲಿಗೆಗೆ ತೊಡಕು. ವಾಚಕರು ಅವನ್ನು ಕಂಠಪಾಠ ಮಾಡಬೇಕಾದ ಅಗತ್ಯವಿಲ್ಲ. ಇವುಗಳಲ್ಲಿ ಬಹುಪಾಲು ಸೌಮ್ಯ ಸ್ವಭಾವದವು, ಪ್ರಾಣಕ್ಕೆ ಎರವಾಗುವವಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇವೆ, ಮುಂದಿನದನ್ನು ಓದಿ ಯಾರೂ ಗಾಬರಿಗೊಳ್ಳಬಾರದು.

ನಮ್ಮ ನಾಡಿನ ಜನರಿಗೆ ಹೆಚ್ಚು ಸಂಬಂಧಪಟ್ಟದ್ದು ಪೋರೋಮಾ ಎಂಬ ಗಂಟು. ೧೯೫೬ರಲ್ಲಿ ಅಮೆರಿಕೆಯ ಚರ್ಮತಜ್ಞ ಹರ್ಮನ್ ಪಿಂಕಸ್ ತನ್ನ ಸಂಗಡಿಗರೊಡನೆ ಇದನ್ನು ಬಿಡಿಸಿ ವಿವರಿಸಿದನು. ಬೆವರಿನ ಕೊಳವೆಯ ತೀರ ಮೇಲ್ಭಾಗದ ಜೀವಕೋಶಗಳಿಂದ ಇದು ಹುಟ್ಟುತ್ತದೆ. ನಡುವಯಸ್ಸು ದಾಟಿದ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಅಂಗಾಲಿನಲ್ಲಿ ಅಥವಾ ಪಾದದ ಪಕ್ಕದಲ್ಲಿ ನಸುಗೆಂಪಾದ, ಮೆತ್ತನೆಯ, ಒಂದು ಸೆಂಟಿಮೀಟರಿನ ಆಸುಪಾಸಿನ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಗಂಟಿನ ಸುತ್ತ ತೆಳ್ಳನೆಯ ಕಂದಕದಂಥ ಗೆರೆ ಇರುತ್ತದೆ. ನೋವು ಇರದು, ಇದ್ದರೂ ಅಲ್ಪ. ಆದರೆ ಸ್ವಲ್ಪ ತಾಗಿದರೂ ರಕ್ತ ಒಸರುತ್ತದೆ. ನಿಜವಾದ ಆಣಿಯ ಲಕ್ಷಣ ಬೇರೆ. ಆಣಿ ಗಟ್ಟಿ, ಒಣಕಲು. ಒತ್ತಿದರೆ ಮೊಳೆ ಚುಚ್ಚಿದಂತೆ ನೋಯುತ್ತದೆ. ತಾನಾಗಿ ರಕ್ತ ಸುರಿಸುವುದಿಲ್ಲ. ಸುಶ್ರುತ ಸಂಹಿತೆಯಲ್ಲಿ ಕ್ಷುದ್ರರೋಗಗಳನ್ನು ಹೇಳುವಲ್ಲಿ ಕದರವೆಂಬ ಹೆಸರಿನಿಂದ ಬರುವುದು ಈ ಆಣಿಯೇ. ಕಲ್ಲು ಮುಳ್ಳುಗಳು ಪಾದಕ್ಕೆ ನಾಟುವುದರಿಂದ ಅದು ಹುಟ್ಟುತ್ತದೆಂದು ಪ್ರಾಚೀನರು ಕಂಡುಕೊಂಡಿದ್ದರು. ಒತ್ತಡಕ್ಕೂ ಗಾಯಕ್ಕೂ ಚರ್ಮ ಕೊಡುವ ಉತ್ತರ ಆಣಿ. ಪೋರೋಮಾ ಹಾಗಲ್ಲ, ಅದು ಗ್ರಂಥಿಯ ಸ್ವಂತ ಬೆಳವಣಿಗೆ.

ವರ್ಷಾನುಗಟ್ಟಲೆ ಬರಿಗಾಲಿನಲ್ಲಿ ಹೊಲ ಉತ್ತ ರೈತನೊಬ್ಬನ ಹಿಮ್ಮಡಿಯ ಪಕ್ಕದಲ್ಲಿ ಇಂಥದೊಂದು ಗಂಟು ಎದ್ದಿತೆಂದುಕೊಳ್ಳೋಣ. ಆತ ಮೊದಲು ಅದನ್ನು ಆಣಿಯೆಂದೇ ತಿಳಿಯುತ್ತಾನೆ. ಔಷಧದ ಅಂಗಡಿಯಿಂದ ಕಾರ್ನ್ ಕ್ಯಾಪ್ ತಂದು ಅಂಟಿಸುತ್ತಾನೆ. ಹೋಗದಿದ್ದರೆ ಬ್ಲೇಡಿನಿಂದ ಕೆತ್ತುತ್ತಾನೆ. ರಕ್ತ ಬಂದರೆ ಅರಿಸಿನ ಒತ್ತುತ್ತಾನೆ. ನೆರೆಯವರೊಬ್ಬರು ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಚ್ಚಲು ಹೇಳುತ್ತಾರೆ, ಇನ್ನೊಬ್ಬರು ಸುಣ್ಣ ಮತ್ತು ಸೋಡಾ ಕಲಸಿ ಇಡಲು ಹೇಳುತ್ತಾರೆ, ಮತ್ತೊಬ್ಬರು ಬುಡಕ್ಕೆ ಕುದುರೆಯ ಬಾಲದ ಕೂದಲನ್ನು ಬಿಗಿದು ಕಟ್ಟಿದರೆ ತಾನೇ ಉದುರುತ್ತದೆ ಎನ್ನುತ್ತಾರೆ. ನಿಜವಾದ ನರುಳ್ಳಿಗೆ ಈ ಉಪಾಯಗಳಿಂದ ಒಮ್ಮೊಮ್ಮೆ ಗುಣ ಕಂಡದ್ದುಂಟು. ನರುಳ್ಳಿ ಅನೇಕ ವೇಳೆ ಯಾವ ಔಷಧವೂ ಇಲ್ಲದೆ ತಾನಾಗಿಯೇ ಮಾಯವಾಗುವುದೂ ಉಂಟು, ಆಗ ಕೀರ್ತಿ ಕುದುರೆಯ ಕೂದಲಿಗೆ ಸಲ್ಲುತ್ತದೆ. ಗಂಟು ಪೋರೋಮಾ ಆಗಿದ್ದರೆ ಮೇಲಿನ ತುದಿ ಸುಟ್ಟುಹೋಗಿ ಬುಡ ಉಳಿಯುತ್ತದೆ, ಮತ್ತೆ ಬೆಳೆಯುತ್ತದೆ. ಈ ಉಪಚಾರಗಳಿಂದ ಸೌಮ್ಯವಾದ ಗಂಟು ಅರ್ಬುದವಾಗುತ್ತದೆಂದು ನಾವು ಹೇಳುತ್ತಿಲ್ಲ. ಕಾಲ ಕಳೆಯುತ್ತದೆ, ಗುರುತು ಕೆಡುತ್ತದೆ, ಅದೇ ಇಲ್ಲಿಯ ದೊಡ್ಡ ನಷ್ಟ. ಮಧುಮೇಹಿಯಾಗಿದ್ದರೆ ಸುಟ್ಟ ಗಾಯ ಮಾಯದೆ ಕಾಲಿಗೇ ಕುತ್ತು ಬರುವ ಅಪಾಯವೂ ಇದೆ.

ಕಾಲ ಕಳೆಯುವುದು ಏಕೆ ನಷ್ಟವೆಂದರೆ, ಈ ಗಂಟಿಗೊಂದು ಮಾರಕ ರೂಪವಿದೆ. ಪೋರೋಕಾರ್ಸಿನೋಮಾ ಎಂದು ಅದರ ಹೆಸರು. ೧೯೬೩ರಲ್ಲಿ ಅದೇ ಪಿಂಕಸ್, ಮೆಹ್ರೇಗನ್ ಎಂಬ ವೈದ್ಯನೊಡನೆ ಇದನ್ನು ವರದಿ ಮಾಡಿದನು. ಇದು ಹೆಚ್ಚಾಗಿ ವಯೋವೃದ್ಧರಲ್ಲಿ, ಕಾಲುಗಳಲ್ಲಿ ಮತ್ತು ತಲೆ ಕುತ್ತಿಗೆಗಳ ಭಾಗದಲ್ಲಿ ಬರುತ್ತದೆ. ಹೊಸದಾಗಿಯೂ ಹುಟ್ಟಬಹುದು, ಹತ್ತಾರು ವರ್ಷ ಸುಮ್ಮನಿದ್ದ ಹಳೆಯ ಪೋರೋಮಾದ ಒಳಗಿನಿಂದಲೂ ಏಳಬಹುದು. ಆದ್ದರಿಂದ "ಇದು ಇಪ್ಪತ್ತು ವರ್ಷದಿಂದ ಇದೆ, ಏನೂ ಮಾಡಿಲ್ಲ" ಎಂಬ ಮಾತಿನಿಂದ ಪೂರ್ಣ ಸಮಾಧಾನ ತಾಳಲಾಗದು. ಹಳೆಯ ಗಂಟು ಕೆಲವು ತಿಂಗಳುಗಳಲ್ಲಿ ಬೇಗನೆ ದೊಡ್ಡದಾದರೆ, ಹುಣ್ಣಾದರೆ, ತಾನಾಗಿ ರಕ್ತ ಸುರಿಸಿದರೆ, ಹೊಸದಾಗಿ ನೋಯತೊಡಗಿದರೆ ಅದು ಬದಲಾಗಿದೆ ಎಂದೇ ಭಾವಿಸತಕ್ಕದ್ದು. ಕಾಲಿನ ಗಂಟಾದರೆ ಅದೇ ಕಡೆಯ ತೊಡೆಸಂದಿನಲ್ಲಿ ಗಡ್ಡೆ ಕಟ್ಟಿದೆಯೇ ಎಂದೂ ನೋಡಿಕೊಳ್ಳಬೇಕು. ರೋಗ ಹರಡುವಾಗ ಮೊದಲು ಸೇರುವ ತಾಣ ಅಲ್ಲಿಯ ದುಗ್ಧಗ್ರಂಥಿಗಳು. ಅಲ್ಲಿಗೆ ಮುಟ್ಟುವ ಮೊದಲು ಪೂರ್ಣವಾಗಿ ತೆಗೆದರೆ ಬಹುಮಂದಿ ಗುಣಹೊಂದುತ್ತಾರೆ. ಮುಟ್ಟಿದ ಮೇಲೆ ಚಿಕಿತ್ಸೆಯ ದಾರಿ ಕಠಿಣವಾಗುತ್ತದೆ.

ಇದೇ ಸಂದರ್ಭದಲ್ಲಿ ಹೇಳಲೇಬೇಕಾದ ಮತ್ತೊಂದು ಮಾತಿದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಮೆಲನೋಮಾ ಎಂಬ ಉಗ್ರವಾದ ಚರ್ಮದ ಅರ್ಬುದ ಬಿಸಿಲು ಬೀಳುವ ಬೆನ್ನಿಗಿಂತ ಅಂಗಾಲು, ಅಂಗೈ, ಉಗುರುಗಳ ಅಡಿಯಲ್ಲಿಯೇ ಹೆಚ್ಚು. ಅದು ಕಪ್ಪಾಗಿರುವುದು ವಾಡಿಕೆ. ಬಣ್ಣವಿಲ್ಲದೆ ಕೆಂಪಗಿರುವ ಬಗೆಯೂ ಒಂದಿದೆ, ಅದು ಪೋರೋಮಾವನ್ನು ಹೋಲುತ್ತದೆ. ಪೋರೋಮಾವೂ ಕೆಲವೊಮ್ಮೆ ಕಪ್ಪಾಗಿ ಮೆಲನೋಮಾವನ್ನು ಹೋಲುತ್ತದೆ. ಹೀಗೆ ಅಂಗಾಲಿನ ಒಂದು ಗಂಟು ನಾಲ್ಕಾರು ಹೆಸರುಗಳಿಗೆ ಉತ್ತರ ಕೊಡಬಲ್ಲದು.

ಇನ್ನು ಬೆರಳಿನ ವಿಚಾರ. ಉಗುರಿನ ಬುಡಕ್ಕೂ ಬೆರಳ ಕೊನೆಯ ಗೆಣ್ಣಿಗೂ ನಡುವೆ, ಹೆಚ್ಚಾಗಿ ಅಂಗೈ ಕಡೆಯ ಮಗ್ಗುಲಲ್ಲಿ, ನೋವಿಲ್ಲದ ಸಣ್ಣ ಗಂಟೊಂದು ನಿಧಾನವಾಗಿ ಬೆಳೆಯುವ ರೋಗವಿದೆ. ನಡುವಯಸ್ಸಿನ ಗಂಡಸರಲ್ಲಿ ಹೆಚ್ಚು. ನೀರುಗುಳ್ಳೆ, ಹಳೆಯ ಪೆಟ್ಟು, ಉಗುರುಸುತ್ತಿನ ಶೇಷ ಎಂದು ತಿಳಿದು ಜನ ವರ್ಷಗಳನ್ನು ಕಳೆಯುತ್ತಾರೆ. ಬೆರಳಿನ ಪ್ಯಾಪಿಲ್ಲರಿ ಅಡಿನೋಕಾರ್ಸಿನೋಮಾ ಎಂಬ ಈ ಗಂಟು ಬೆವರಿನ ಗ್ರಂಥಿಯಿಂದ ಹುಟ್ಟಿದ ಅರ್ಬುದ. ೧೯೮೭ರಲ್ಲಿ ಅಮೆರಿಕೆಯ ರೋಗಶಾಸ್ತ್ರಜ್ಞರು ಇಂಥ ಅನೇಕ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಇದರ ಸ್ವಭಾವ ಸ್ಪಷ್ಟವಾಯಿತು. ನೋಡಲು ಸಾಧುವಾಗಿ ಕಾಣುವ ಇದು, ತೆಗೆದ ಅನೇಕ ವರ್ಷಗಳ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಲ್ಲದು. ಬೆರಳಿನ ಗಂಟನ್ನು ಸೂಜಿಯಿಂದ ಚುಚ್ಚಿ ಹಿಂಡಿ ಮರೆಯುವ ಪದ್ಧತಿಯನ್ನು ನಾವು ಒಪ್ಪದಿರುವುದು ಇದಕ್ಕಾಗಿಯೇ.

ಈಗ ಹೇಳಲಿರುವುದು ಸಂಕೋಚದ ವಿಷಯ. ಮನೆಯ ಹಿರಿಯರೂ ಓದುವ ಈ ಪುಟಗಳಲ್ಲಿ ಇದನ್ನು ಬರೆಯಬೇಕೇ ಎಂದು ಆಲೋಚಿಸಿದೆವು. ಬರೆಯದಿದ್ದರೆ ಹಾನಿ ಹಿರಿಯರಿಗೇ ಆದುದರಿಂದ ಬರೆಯುತ್ತೇವೆ.

ಸ್ತ್ರೀಯರ ಗುಹ್ಯಭಾಗದಲ್ಲಿ ಹೈಡ್ರಡಿನೋಮಾ ಪ್ಯಾಪಿಲ್ಲಿಫೆರಮ್ ಎಂಬ ನುಣುಪಾದ ಚಿಕ್ಕ ಗಂಟು ಏಳುವುದುಂಟು. ಸಾಮಾನ್ಯವಾಗಿ ಒಂದು ಸೆಂಟಿಮೀಟರಿನಷ್ಟಿರುತ್ತದೆ. ಕೆಲವೊಮ್ಮೆ ಬಾಯಿಬಿಟ್ಟು ರಕ್ತ ಒಸರುತ್ತದೆ. ಕಂಡವರು ಭಯಪಡುತ್ತಾರೆ, ಕೆಲವರು ಇದನ್ನು ಸಂಪರ್ಕದಿಂದ ಅಂಟಿದ ರೋಗವೆಂದು ತಪ್ಪಾಗಿ ಬಗೆದು ಗಂಡನ ಮುಂದೆಯೂ ಬಾಯಿಬಿಡದೆ ಕೊರಗುತ್ತಾರೆ. ಇದು ಅಂಟುರೋಗವಲ್ಲ, ಯಾರ ನಡತೆಗೂ ಸಂಬಂಧಿಸಿದ್ದಲ್ಲ, ಬಹುತೇಕ ಯಾವಾಗಲೂ ಸೌಮ್ಯವಾದದ್ದೇ. ಚಿಕ್ಕ ಶಸ್ತ್ರಕ್ರಿಯೆಯಿಂದ ಹೋಗುತ್ತದೆ.

ಇದಕ್ಕೆ ವ್ಯತಿರಿಕ್ತವಾದುದು ಪ್ಯಾಜೆಟ್ ರೋಗ. ೧೮೭೪ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ ಮೊಲೆತೊಟ್ಟಿನಲ್ಲಿ ಇದನ್ನು ವಿವರಿಸಿದನು. ೧೮೮೯ರಲ್ಲಿ ಕ್ರಾಕರ್ ಎಂಬಾತ ಪುರುಷನ ಗುಹ್ಯಾಂಗದಲ್ಲಿ ಅದೇ ಬಗೆಯ ರೋಗವನ್ನು ಕಂಡನು. ಸ್ತನದ ಹೊರಗೆ ಬರುವಾಗ ಇದು ಅಪೋಕ್ರೈನ್ ಗ್ರಂಥಿಗಳು ಹೆಚ್ಚಾಗಿರುವ ಸ್ಥಳಗಳನ್ನೇ ಆರಿಸಿಕೊಳ್ಳುತ್ತದೆ: ಸ್ತ್ರೀಯರ ಗುಹ್ಯಭಾಗ, ವೃಷಣದ ಚೀಲ, ಗುದದ್ವಾರದ ಸುತ್ತಮುತ್ತ, ಅಪರೂಪಕ್ಕೆ ಕಂಕುಳು. ಇಲ್ಲಿ ಗಂಟೇ ಇರುವುದಿಲ್ಲ. ಕೆಂಪಾದ, ಅಂಚು ಸ್ಪಷ್ಟವಾದ, ತುರಿಸುವ, ಒಮ್ಮೊಮ್ಮೆ ಜಿನುಗುವ ಒಂದು ಮಚ್ಚೆ ಇರುತ್ತದೆ, ಅಷ್ಟೇ. ಅರುವತ್ತು ದಾಟಿದವರಲ್ಲಿ ಹೆಚ್ಚು. ನೋಡಿದವರಿಗೆಲ್ಲ ಅದು ಗಜಕರ್ಣ. ಅಂಗಡಿಯವನು ಕೊಟ್ಟ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ತಗ್ಗುತ್ತದೆ, ಏಕೆಂದರೆ ಇಂಥ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ರೋಗಿ ಸಮಾಧಾನಗೊಳ್ಳುತ್ತಾನೆ, ರೋಗ ಅಂಚಿನಿಂದ ಅಂಚಿಗೆ ಹಬ್ಬುತ್ತದೆ. ಹೀಗೆ ವರ್ಷಗಳು ಉರುಳಿದ ಮೇಲೆ ವೈದ್ಯರ ಮುಂದೆ ಬರುವವರೇ ಅಧಿಕ. ಕೆಲವರಲ್ಲಿ ಇದು ಗುದನಾಳ ಅಥವಾ ಮೂತ್ರಕೋಶದ ಒಳಗಿನ ಅರ್ಬುದದ ಸೂಚನೆಯೂ ಆಗಿರುವುದರಿಂದ ಆ ಅಂಗಗಳನ್ನೂ ಪರೀಕ್ಷಿಸಬೇಕಾಗುತ್ತದೆ. ವಯಸ್ಸಾದ ತಂದೆ, ತಾಯಿ, ಅತ್ತೆ, ಮಾವ ಇವರು ಇಂಥ ಮಾತನ್ನು ಮಕ್ಕಳ ಮುಂದೆ ಎತ್ತುವುದಿಲ್ಲ. ಸೊಸೆ ಅತ್ತೆಯನ್ನೂ ಮಗ ತಂದೆಯನ್ನೂ ಏಕಾಂತದಲ್ಲಿ ಗೌರವದಿಂದ ವಿಚಾರಿಸಿದರೆ ಸಾಕು. ಸರಿಯಾದ ಚಿಕಿತ್ಸೆ ನಡೆದರೂ ಆರೆಂಟು ವಾರಗಳಲ್ಲಿ ಮಾಯದ ಮಚ್ಚೆ ಯಾವುದೇ ಇರಲಿ, ಅದರ ಚೂರೊಂದನ್ನು ತೆಗೆದು ಪರೀಕ್ಷಿಸಬೇಕು.

ಮುಖ ಮತ್ತು ತಲೆಯ ಗಂಟುಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕೆಳರೆಪ್ಪೆಯ ಮೇಲೆ ಸಾಸಿವೆ ಚೆಲ್ಲಿದಂತೆ ಕಾಣುವ ಮೈಬಣ್ಣದ ಕಾಳುಗಳು ಸಿರಿಂಗೋಮಾ, ಹೆಂಗಸರಲ್ಲಿ ಹೆಚ್ಚು, ಅವುಗಳಿಂದ ಕೇಡಿಲ್ಲ. ಇವೇ ಕಾಳುಗಳು ಕುತ್ತಿಗೆ, ಎದೆ, ಹೊಟ್ಟೆಗಳ ಮೇಲೆ ಹಠಾತ್ತಾಗಿ ಏಳುವ ಬಗೆಯನ್ನು ೧೮೮೭ರಲ್ಲಿಯೇ ಫ್ರೆಂಚ್ ವೈದ್ಯರು ಬರೆದಿಟ್ಟಿದ್ದಾರೆ. ರೆಪ್ಪೆಯ ಬಳಿ ನೀರು ತುಂಬಿದ ಮುತ್ತಿನಂಥ ಗುಳ್ಳೆ ಹೈಡ್ರೋಸಿಸ್ಟೋಮಾ. ಇದನ್ನು ೧೮೯೩ರಲ್ಲಿ ವರ್ಣಿಸಿದ ರಾಬಿನ್ಸನ್ ಎಂಬ ವೈದ್ಯ ಇದನ್ನು ಕಂಡದ್ದು ಬಿಸಿ ಹಬೆಯಲ್ಲಿ ದುಡಿಯುವ ಅಡುಗೆಯ ಹೆಂಗಸರು ಮತ್ತು ಅಗಸಗಿತ್ತಿಯರಲ್ಲಿ. ಬೇಸಿಗೆಯಲ್ಲಿ ಉಬ್ಬುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. ದಾಸೋಹದ ಒಲೆಗಳ ಮುಂದೆ ದಿನವಿಡೀ ನಿಲ್ಲುವ ನಮ್ಮ ತಾಯಂದಿರಲ್ಲಿ ಯಾರಿಗಾದರೂ ಇಂಥ ಗುಳ್ಳೆ ಕಂಡರೆ ಅಚ್ಚರಿಯಿಲ್ಲ, ಚಿಂತೆಯೂ ಬೇಡ. ನೆತ್ತಿಯ ಮೇಲೆ ಒಂದರ ಪಕ್ಕದಲ್ಲೊಂದು ಎದ್ದು ಕೊನೆಗೆ ರುಮಾಲಿನಂತೆ ತಲೆಯನ್ನು ಆವರಿಸುವ ಸಿಲಿಂಡ್ರೋಮಾ ಮಾತ್ರ ವಂಶದಲ್ಲಿ ಹರಿದುಬರುವಂಥದು. ಅದಕ್ಕೆ ಕಾರಣವಾದ ವಂಶವಾಹಿ ೨೦೦೦ದಲ್ಲಿ ಪತ್ತೆಯಾಯಿತು. ತಂದೆತಾಯಿಯರಲ್ಲಿ ಒಬ್ಬರಿಗೆ ಈ ವಂಶವಾಹಿಯ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮೇಲ್ದುಟಿಯ ಬಳಿ ಹಳೆಯ ಗಾಯದ ಕಲೆಯಂತೆ ಗಟ್ಟಿಯಾಗಿ, ಸುತ್ತಲೂ ಜೋಮು ಹಿಡಿದಂತಿದ್ದರೆ ತಡಮಾಡದೆ ತೋರಿಸಬೇಕು. ಅಲ್ಲಿ ನರಗಳ ಗುಂಟ ಸಾಗುವ ಒಂದು ಅರ್ಬುದವಿದೆ.

ಈಗ ಮುಖ್ಯವಾದ ತೊಡಕಿಗೆ ಬರೋಣ. ಪೋರೋಮಾ ಅಂಗಾಲಿನದು, ಸಿರಿಂಗೋಮಾ ರೆಪ್ಪೆಯದು, ಹೈಡ್ರಡಿನೋಮಾ ಪ್ಯಾಪಿಲ್ಲಿಫೆರಮ್ ಸ್ತ್ರೀಯರ ಗುಹ್ಯಭಾಗದ್ದು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಪೋರೋಮಾ ನೆತ್ತಿಯಲ್ಲಿಯೂ ಬೆನ್ನಿನಲ್ಲಿಯೂ ಕಂಡಿದೆ, ಸಿರಿಂಗೋಮಾ ಗುಹ್ಯಭಾಗದಲ್ಲಿ ತುರಿಕೆಯ ಕಾಳುಗಳಾಗಿ ಕಂಡಿದೆ, ಹೈಡ್ರಡಿನೋಮಾ ಪ್ಯಾಪಿಲ್ಲಿಫೆರಮ್ ಕಣ್ಣಿನ ರೆಪ್ಪೆಯಲ್ಲಿಯೂ ಕಿವಿಯ ನಾಳದಲ್ಲಿಯೂ ಸಿಕ್ಕಿದೆ. ಇವನ್ನು ಅಸಾಮಾನ್ಯ ಸ್ಥಾನಗಳೆಂದು ವೈದ್ಯಪತ್ರಿಕೆಗಳು ಕರೆಯುತ್ತವೆ. ವಿಚಾರಮಾಡಿ ನೋಡಿದರೆ ಸ್ಥಾನ ಅಸಾಮಾನ್ಯವಾಗಿರುವುದು ನಮ್ಮ ನಿರೀಕ್ಷೆಗೆ, ಗ್ರಂಥಿಗಲ್ಲ. ಎಕ್ರೈನ್ ಗ್ರಂಥಿ ಮೈಯೆಲ್ಲ ಇದೆ. ರೆಪ್ಪೆ ಮತ್ತು ಕಿವಿಗಳಲ್ಲಿ ಅಪೋಕ್ರೈನ್ ಗ್ರಂಥಿಯ ದಾಯಾದಿಗಳಿದ್ದಾರೆ. ಗ್ರಂಥಿಯಿದ್ದ ಕಡೆ ಗಂಟು ಹುಟ್ಟಬಲ್ಲದು. ಆದರೆ ನಿರೀಕ್ಷೆಯಿಲ್ಲದ ಕಡೆ ಬಂದ ಅತಿಥಿಯನ್ನು ಯಾರೂ ಗುರುತಿಸುವುದಿಲ್ಲ. ಬೆನ್ನಿನ ಮೇಲಿನದು ಕೊಬ್ಬಿನ ಗಂಟಾಗುತ್ತದೆ, ಕಿವಿಯೊಳಗಿನದು ಗುಗ್ಗೆಯಾಗುತ್ತದೆ, ಗುಹ್ಯಭಾಗದ್ದು ಅಂಟುರೋಗದ ನರುಳ್ಳಿಯಾಗುತ್ತದೆ.

ಇಲ್ಲಿ ಅಂತಿಮ ನಿರ್ಣಯ ಕೊಡುವುದು ಸೂಕ್ಷ್ಮದರ್ಶಕ ಮಾತ್ರ. ತೆಗೆದ ಗಂಟನ್ನು ಫಾರ್ಮಲಿನ್ ದ್ರವದಲ್ಲಿ ಇಟ್ಟು ರೋಗಶಾಸ್ತ್ರ ವಿಭಾಗಕ್ಕೆ ಕಳುಹಿಸಬೇಕು. ಅಲ್ಲಿ ಅದನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾದ ಹಾಳೆಗಳಾಗಿ ಕತ್ತರಿಸಿ, ಬಣ್ಣ ಹಾಕಿ ನೋಡುತ್ತಾರೆ. ಕೆಲವು ದಿನಗಳಲ್ಲಿ ವರದಿ ಬರುತ್ತದೆ. ನಮಗೆ ವಿಷಾದ ತರುವ ಸಂಗತಿಯೆಂದರೆ, ಅನೇಕ ಸಣ್ಣ ಚಿಕಿತ್ಸಾಲಯಗಳಲ್ಲಿ "ಚಿಕ್ಕ ಗಂಟು, ಏನೂ ಅಲ್ಲ" ಎಂದು ತೆಗೆದದ್ದನ್ನು ಕಸದ ಬುಟ್ಟಿಗೆ ಹಾಕುವುದು, ಇಲ್ಲವೆ ವಿದ್ಯುತ್ತಿನಿಂದ ಸುಟ್ಟುಬಿಡುವುದು. ಸುಟ್ಟ ಮೇಲೆ ಪರೀಕ್ಷೆಗೆ ಉಳಿಯುವುದು ಬೂದಿಯೇ. ಕೆಲವು ಕುಟುಂಬಗಳು ಪರೀಕ್ಷೆಯ ಖರ್ಚಿಗೆ ಅಂಜಿ ತಾವೇ ಬೇಡವೆನ್ನುವುದೂ ಉಂಟು. ಶಸ್ತ್ರಕ್ರಿಯೆಗೆ ಕೊಡುವ ಹಣದ ಮುಂದೆ ಈ ಖರ್ಚು ಅಲ್ಪ. ಗಂಟನ್ನು ತೆಗೆಯುವ ಮೊದಲೇ "ಇದನ್ನು ಪರೀಕ್ಷೆಗೆ ಕಳುಹಿಸುತ್ತೀರಾ?" ಎಂದು ವೈದ್ಯರನ್ನು ವಿನಯದಿಂದ ಕೇಳುವುದು ರೋಗಿಯ ಹಕ್ಕು, ಅದು ಅವಿಶ್ವಾಸವಲ್ಲ.

ವರದಿ ಸೌಮ್ಯವೆಂದು ಬಂದರೂ ಗಂಟು ಅಂಚಿನವರೆಗೆ ಪೂರ್ಣ ಹೊರಬಂದಿದೆಯೇ ಎಂಬ ಸಾಲನ್ನು ವೈದ್ಯರಿಂದ ಓದಿಸಿಕೊಳ್ಳಬೇಕು. ಪೋರೋಮಾದಲ್ಲಿ ಪೂರ್ಣ ತೆಗೆದರೆ ಚಿಕಿತ್ಸೆ ಅಲ್ಲಿಗೇ ಮುಗಿಯಿತು. ಮಾರಕವೆಂದು ಬಂದರೆ ಸುತ್ತಲಿನ ಆರೋಗ್ಯವಂತ ಚರ್ಮವನ್ನೂ ಸೇರಿಸಿ ಅಗಲವಾಗಿ ತೆಗೆಯುತ್ತಾರೆ. ಮುಖದಂಥ ಸ್ಥಳಗಳಲ್ಲಿ ಪದರ ಪದರವಾಗಿ ತೆಗೆದು, ಪ್ರತಿ ಪದರವನ್ನೂ ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಮುಗಿದಲ್ಲಿಗೆ ನಿಲ್ಲಿಸುವ ವಿಧಾನವೊಂದಿದೆ. ೧೯೩೦ರ ದಶಕದಲ್ಲಿ ಇದನ್ನು ರೂಪಿಸಿದ ಅಮೆರಿಕೆಯ ವೈದ್ಯನ ಹೆಸರಿನಿಂದ ಇದನ್ನು ಮೋಸ್ ಶಸ್ತ್ರಕ್ರಿಯೆ ಎನ್ನುತ್ತಾರೆ. ಹೆಸರು ಕನ್ನಡದ ಕಿವಿಗೆ ಹೇಗೆ ಕೇಳಿದರೂ ಕೆಲಸ ಮಾತ್ರ ಬಹಳ ಪ್ರಾಮಾಣಿಕವಾದದ್ದು.

ಎಲ್ಲಿಗೆ ಹೋಗಬೇಕು ಎಂಬುದು ಉಳಿದ ಪ್ರಶ್ನೆ. ಮೊದಲು ಸಮೀಪದ ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಮಹಾವಿದ್ಯಾಲಯದ ಚರ್ಮರೋಗ ವಿಭಾಗಕ್ಕೆ ಹೋಗುವುದು ಸೂಕ್ತ. ಅರ್ಬುದವೆಂದು ತಿಳಿದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಕಲಬುರಗಿಯಲ್ಲಿರುವ ಅದರ ಶಾಖೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇವು ನಮ್ಮ ಜನರಿಗೆ ಪರಿಚಿತವಾದವು. ಬಿ.ಪಿ.ಎಲ್. ಕಾರ್ಡುಳ್ಳವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ವಿಚಾರಿಸತಕ್ಕದ್ದು. ಅದಕ್ಕಾಗಿ ಪಡಿತರ ಚೀಟಿ ಮತ್ತು ಆಧಾರ್ ಜೊತೆಯಲ್ಲಿರಲಿ. ಮೊದಲ ಪರೀಕ್ಷೆಯ ವರದಿಯನ್ನು ಮಾತ್ರವಲ್ಲ, ಪ್ರಯೋಗಾಲಯದಲ್ಲಿ ಉಳಿದಿರುವ ಗಾಜಿನ ಸ್ಲೈಡುಗಳನ್ನೂ ಮೇಣದ ತುಂಡನ್ನೂ ಕೇಳಿ ಪಡೆದುಕೊಂಡು ಹೋಗಬೇಕು. ಅವು ಇದ್ದರೆ ದೊಡ್ಡ ಆಸ್ಪತ್ರೆಯ ತಜ್ಞರು ಹೊಸದಾಗಿ ಕತ್ತರಿಸದೆಯೇ ಎರಡನೆಯ ಅಭಿಪ್ರಾಯ ಕೊಡಬಲ್ಲರು. ಇಂಥ ಅಪರೂಪದ ಗಂಟುಗಳಲ್ಲಿ ಎರಡನೆಯ ಅಭಿಪ್ರಾಯದಿಂದ ರೋಗದ ಹೆಸರೇ ಬದಲಾಗುವುದುಂಟು. ಮೇಣದ ತುಂಡನ್ನು ಬಿಸಿಲಿಗೆ ಇಡದೆ, ಬಟ್ಟೆಯಲ್ಲಿ ಸುತ್ತಿ ತಂಪಾದ ಜಾಗದಲ್ಲಿ ಇರಿಸಿಕೊಳ್ಳಬೇಕು.